ಫಿರಂಗಿಯ ಪಾಲಾದ ಮದ್ದು: ರೈಫಲ್‌ಗೆ ಬದಲಿಯ ಹುಡುಕಾಟ

ರಷ್ಯಾ 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ಸಾರಿದ ಯುದ್ಧದ ಬಿಸಿ ಅಮೆರಿಕದ ಮನೆಗಳ ಗ್ಯಾರೇಜುಗಳಿಗೂ ತಟ್ಟಿದೆ. ಬೇಟೆಗೋ ಗುರಿಸ್ಪರ್ಧೆಗೋ ಬೇಕಾದ ತೋಟಾಗಳನ್ನು ತಾವೇ ತುಂಬಿಕೊಳ್ಳುವವರು ಅಲ್ಲಿ ಬಹಳ ಮಂದಿ. ಸ್ವಂತ ಬಳಕೆಗಾದರೆ ಅದಕ್ಕೆ ಕೇಂದ್ರ ಸರ್ಕಾರದ ಪರವಾನಗಿಯ ಅಗತ್ಯವೂ ಇಲ್ಲ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೋಶವನ್ನು ಶುಚಿಗೊಳಿಸಿ, ಹೊಸ ಕೇಪು ಕೂರಿಸಿ, ಅಳೆದ ಮದ್ದು ಸುರಿದು, ಮೇಲೆ ಗುಂಡನ್ನು ಒತ್ತಿದರೆ ಕೆಲಸ ಮುಗಿಯಿತು. ಖರ್ಚಿನ ಉಳಿತಾಯ ಇದರ ಒಂದು ಕಾರಣ. ತನ್ನ ರೈಫಲ್ಲಿಗೆ ಒಗ್ಗಿದ ತೋಟಾವನ್ನು ತಾನೇ ರೂಪಿಸಿಕೊಂಡು ಗುರಿಯ ನಿಖರತೆಯನ್ನು ಹೆಚ್ಚಿಸಿಕೊಳ್ಳುವ ಹಂಬಲ ಇನ್ನೊಂದು. ಆದರೆ ವರ್ಷಗಟ್ಟಲೆ ಬಳಸಿ ಪಳಗಿದ ಮದ್ದು ಅಂಗಡಿಯಲ್ಲಿ ಇಲ್ಲವಾದಾಗ ಅದರ ಸ್ಥಾನದಲ್ಲಿ ಯಾವುದನ್ನು ಬಳಸಬೇಕು ಎಂಬ ಪ್ರಶ್ನೆ ಏಳುತ್ತದೆ. ಇದು ಕೇವಲ ಹವ್ಯಾಸಿಗಳ ಗೊಂದಲವೆಂದು ತಳ್ಳಿಹಾಕುವಂಥದ್ದಲ್ಲ. ಉತ್ತರ ತಪ್ಪಿದರೆ ಸಿಡಿಯುವುದು ಮುಖದಿಂದ ನಾಲ್ಕೇ ಅಂಗುಲ ದೂರದಲ್ಲಿರುವ ಉಕ್ಕು.

2024ರ ಆರಂಭದಲ್ಲಿ ಅಮೆರಿಕದ ವಿಸ್ಟಾ ಔಟ್‌ಡೋರ್ ಸಂಸ್ಥೆ ಮದ್ದಿನ ಜಾಗತಿಕ ಕೊರತೆಯ ಕಾರಣ ನೀಡಿ ತೋಟಾಗಳ ಬೆಲೆಯನ್ನು ಏಪ್ರಿಲ್‌ನಿಂದ ಏರಿಸುವುದಾಗಿ ವ್ಯಾಪಾರಿಗಳಿಗೆ ತಿಳಿಸಿತು. ಅದೇ ವರ್ಷ ಆ ಸಂಸ್ಥೆಗೆ ಸೇರಿದ್ದ ಅಲಯಂಟ್ ಪೌಡರ್, ನೈಟ್ರೋಸೆಲ್ಯುಲೋಸ್ ಅಭಾವದಿಂದಾಗಿ ಡಬ್ಬಿ ಮದ್ದಿನ ಸರಬರಾಜನ್ನು ಸ್ಥಗಿತಗೊಳಿಸಿತು.

ನೈಟ್ರೋಸೆಲ್ಯುಲೋಸ್ ಎಂಬುದು ಹೊಗೆರಹಿತ ಮದ್ದಿನ ಜೀವಾಳ. ಇದರ ಮೂಲ ಸಾಮಗ್ರಿ ಹತ್ತಿ ಎಂಬುದು ರಾಯಚೂರು, ಧಾರವಾಡ ಸೀಮೆಯ ಓದುಗರಿಗೆ ಕುತೂಹಲ ಹುಟ್ಟಿಸಬಹುದು. ಜಿನ್ನಿಂಗ್ ಮುಗಿದ ಮೇಲೂ ಬೀಜಕ್ಕೆ ಅಂಟಿಕೊಂಡೇ ಉಳಿಯುವ ಗಿಡ್ಡ ಎಳೆಗಳನ್ನು, ಅಂದರೆ ಲಿಂಟರ್ಸ್ ಅನ್ನು, ಆಮ್ಲಗಳಲ್ಲಿ ಸಂಸ್ಕರಿಸಿ ಇದನ್ನು ತಯಾರಿಸುತ್ತಾರೆ. ಮರದ ತಿರುಳಿನಿಂದಲೂ ತಯಾರಿಸಬಹುದು. ಐರೋಪ್ಯ ಕಾರ್ಖಾನೆಗಳು ಈ ಎಳೆಗಳಿಗಾಗಿ ಬಹುಪಾಲು ಚೀನಾವನ್ನೇ ನೆಚ್ಚಿವೆ. 155 ಮಿಲಿಮೀಟರ್ ಫಿರಂಗಿಯ ಒಂದು ಶೆಲ್ ಹಾರಿಸಲು ಹಲವು ಕಿಲೋ ಮದ್ದು ಬೇಕು. ರೈಫಲ್ ತೋಟಾಕ್ಕೆ ಸಾಕಾಗುವುದು ಎರಡು-ಮೂರು ಗ್ರಾಂ. ಇಂತಹ ಎರಡು ಗಿರಾಕಿಗಳು ಒಂದೇ ಬಾಗಿಲಲ್ಲಿ ನಿಂತರೆ ಯಾರಿಗೆ ಮೊದಲ ಮಣೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಐರೋಪ್ಯ ಒಕ್ಕೂಟವು ಮದ್ದುಗುಂಡು ಉತ್ಪಾದನೆಯ ವಿಸ್ತರಣೆಗೆಂದು ತೆಗೆದಿರಿಸಿದ ಸುಮಾರು 50 ಕೋಟಿ ಯೂರೋ ನೆರವನ್ನು 2024ರ ಮಾರ್ಚ್‌ನಲ್ಲಿ ಹಂಚಿದಾಗ ಅದರ ಅರ್ಧದಷ್ಟು ಪಾಲು ದಕ್ಕಿದ್ದು ಮದ್ದು ತಯಾರಿಕೆಗೇ. ಮರುತಿಂಗಳೇ ಫ್ರಾನ್ಸ್‌ನ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್ ಬೆರ್ಜೆರಾಕ್‌ನಲ್ಲಿ ಯುರೆಂಕೋ ಕಂಪನಿಯ ಮದ್ದಿನ ಕಾರ್ಖಾನೆಗೆ ಶಂಕುಸ್ಥಾಪನೆ ನೆರವೇರಿಸಿದರು. ಅದು ಫಿರಂಗಿಗಳಿಗಾಗಿಯೇ ಹೊರತು ಜಿಂಕೆ ಬೇಟೆಯವರಿಗಾಗಿ ಅಲ್ಲ.

ಇತಿಹಾಸದ ವ್ಯಂಗ್ಯವೂ ಇಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಬಳಿ ರಾಶಿ ರಾಶಿ ಮದ್ದು ಉಳಿದುಹೋಗಿತ್ತು. ಕಾನ್ಸಾಸ್‌ನ ಬ್ರೂಸ್ ಹಾಜ್‌ಡನ್ ಅದನ್ನು ಅಗ್ಗಕ್ಕೆ ಕೊಂಡು ಡಬ್ಬಿಗಳಲ್ಲಿ ಮಾರಿದರು. 4831 ಎಂದು ಹೆಸರಾದದ್ದು ಮೂಲತಃ 20 ಮಿಲಿಮೀಟರ್ ಫಿರಂಗಿಯ ಮದ್ದು. ಅಂದು ಫಿರಂಗಿಯ ಉಳಿಕೆ ರೈಫಲ್ಲಿಗೆ ಬಂದಿತ್ತು. ಇಂದು ರೈಫಲ್ಲಿನ ಪಾಲು ಫಿರಂಗಿಗೆ ಹೋಗುತ್ತಿದೆ.

ಡಬ್ಬಿಯ ಮೇಲಿನ ಹೆಸರಿಗೂ ಅದು ತಯಾರಾಗುವ ಊರಿಗೂ ಸಂಬಂಧವಿಲ್ಲದಿರುವುದು ಸಮಸ್ಯೆಯ ಇನ್ನೊಂದು ಮುಖ. ಹಾಜ್‌ಡನ್ ಕಂಪನಿಯ ಹೆಸರಾಂತ ವಾರ್ಗೆಟ್, ಎಚ್4350, ಎಚ್1000 ಮದ್ದುಗಳ ತವರು ಆಸ್ಟ್ರೇಲಿಯಾದ ಮುಲ್ವಾಲಾ. ಅಲ್ಲಿನ ಕಾರ್ಖಾನೆ ನಡೆಸುವುದು ಥೇಲ್ಸ್ ಎಂಬ ರಕ್ಷಣಾ ಸಂಸ್ಥೆ. ಐಎಂಆರ್ ಸರಣಿಯ ಮದ್ದು ದೀರ್ಘಕಾಲ ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ ಬಂದರೆ, ರ‍್ಯಾಮ್‌ಶಾಟ್ ಬೆಲ್ಜಿಯಂನದು, ವಿಹ್ಟವುವೊರಿ ಫಿನ್‌ಲ್ಯಾಂಡಿನದು. ಅಂಗಡಿಯ ಕಪಾಟಿನಲ್ಲಿ ಹತ್ತಾರು ಹೆಸರುಗಳಿದ್ದರೂ ಹಿಂದಿರುವ ಕಾರ್ಖಾನೆಗಳು ಬೆರಳೆಣಿಕೆಯವು. ಅವುಗಳಲ್ಲಿ ಬಹುತೇಕ ಎಲ್ಲವಕ್ಕೂ ಸೇನೆಯೇ ದೊಡ್ಡ ಗಿರಾಕಿ. ಒಂದು ಹೆಸರಿನ ಮದ್ದು ಮರೆಯಾದಾಗ ಅದರ ಸೋದರರೂ ಒಟ್ಟಿಗೆ ಮರೆಯಾಗುವುದು ಈ ಕಾರಣಕ್ಕೆ.

ಹಾಗಾದರೆ ಬದಲಿಯನ್ನು ಆರಿಸುವ ಬಗೆ ಹೇಗೆ? ಹೆಚ್ಚಿನವರು ಮೊದಲು ಕೈಹಾಕುವುದು ಉರಿವೇಗದ ಪಟ್ಟಿಗೆ. ವೇಗವಾಗಿ ಉರಿಯುವ ಮದ್ದಿನಿಂದ ಮೊದಲ್ಗೊಂಡು ನಿಧಾನವಾಗಿ ಉರಿಯುವುದರವರೆಗೆ ನೂರಕ್ಕೂ ಹೆಚ್ಚು ಹೆಸರುಗಳನ್ನು ಕ್ರಮವಾಗಿ ಜೋಡಿಸಿದ ಪಟ್ಟಿ ಅದು. ನೆರೆಯ ಸಾಲಿನಲ್ಲಿರುವುದೆಲ್ಲ ಸಮಾನವೆಂದು ಭಾವಿಸುವುದೇ ಇಲ್ಲಿನ ಮೊದಲ ಎಡವಟ್ಟು. ಆ ಪಟ್ಟಿ ಹೇಳುವುದು ಹಿಂದುಮುಂದಿನ ಕ್ರಮವನ್ನಷ್ಟೇ, ಅಂತರವನ್ನಲ್ಲ. ಶಾಲೆಯಲ್ಲಿ ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದವರ ನಡುವೆ ಒಂದೇ ಅಂಕದ ವ್ಯತ್ಯಾಸವಿರಬಹುದು, ಮೂವತ್ತು ಅಂಕಗಳದೂ ಇರಬಹುದು. ಸಾಲದ್ದಕ್ಕೆ ಒಂದು ಕಂಪನಿಯ ಪಟ್ಟಿಯಲ್ಲಿ ಮುಂದಿರುವುದು ಇನ್ನೊಂದರ ಪಟ್ಟಿಯಲ್ಲಿ ಹಿಂದಿರುವುದುಂಟು. ಕೋಶದ ಗಾತ್ರ, ಗುಂಡಿನ ತೂಕ, ಒತ್ತಡ ಬದಲಾದಂತೆ ಉರಿಯುವ ರೀತಿಯೂ ಬದಲಾಗುತ್ತದೆ.

ಇದಕ್ಕಿಂತಲೂ ಅಪಾಯಕಾರಿಯಾದದ್ದು ಹೆಸರಿನ ಹೋಲಿಕೆ. ಎಚ್4350, ಐಎಂಆರ್ 4350, ಆ್ಯಕ್ಯುರೇಟ್ 4350 ಈ ಮೂರರಲ್ಲೂ ಒಂದೇ ಅಂಕಿಯಿದೆ. ಆದರೆ ಮೂರೂ ಬೇರೆ ಬೇರೆ ಮದ್ದುಗಳು. ಎಚ್4831 ಮತ್ತು ಐಎಂಆರ್ 4831ರ ಕಥೆಯೂ ಇದೇ; ಇವೆರಡರಲ್ಲಿ ಎರಡನೆಯದು ಹೆಚ್ಚು ವೇಗದ್ದು. ನಿಧಾನದ ಮದ್ದಿಗೆಂದು ಬರೆದ ಗರಿಷ್ಠ ಪ್ರಮಾಣವನ್ನು ವೇಗದ ಮದ್ದಿನಲ್ಲಿ ತುಂಬಿದರೆ ಆಗುವುದೇನೆಂದು ಊಹಿಸಲು ಒಂದು ಅಂಕಿ ಸಾಕು. .308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಗೊತ್ತುಪಡಿಸಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡ್. ಕಾರಿನ ಚಕ್ರದಲ್ಲಿರುವುದು ಮೂವತ್ತು ಪೌಂಡಿನ ಆಸುಪಾಸು.

ಉದಾಹರಣೆಗೆ 6.5 ಕ್ರೀಡ್‌ಮೂರ್ ತೋಟಾವನ್ನೇ ತೆಗೆದುಕೊಳ್ಳಬಹುದು. ಹಾರ್ನಡಿ ಕಂಪನಿ 2007ರಲ್ಲಿ ಪರಿಚಯಿಸಿದ ಈ ತೋಟಾ ಎಚ್4350ಕ್ಕೆ ಅಂಟಿಕೊಂಡೇ ಹೆಸರು ಮಾಡಿತು. ಆ ಮದ್ದು ಸಿಗದಾದಾಗ ಸ್ಪರ್ಧಿಗಳು ರೀಲೋಡರ್ 16ರ ಕಡೆಗೂ ವಿಂಚೆಸ್ಟರ್ ಸ್ಟಾಬಾಲ್ 6.5ರ ಕಡೆಗೂ ಹೊರಳಿದರು. ಮೊದಲನೆಯದು ಕಡ್ಡಿಯಾಕಾರದ್ದಾದರೂ ಅದರಲ್ಲಿ ನೈಟ್ರೋಗ್ಲಿಸರಿನ್ ಸಹ ಬೆರೆತಿದೆ, ಎಚ್4350ರಲ್ಲಿ ಅದಿಲ್ಲ. ಎರಡನೆಯದು ಗೋಲಿಯಾಕಾರದ್ದು. ಗೋಲಿ ಮದ್ದು ಅಳತೆಯಂತ್ರದಲ್ಲಿ ನೀರಿನಂತೆ ಸುರಿಯುತ್ತದೆ, ಒತ್ತೊತ್ತಾಗಿ ಕೂರುತ್ತದೆ. ಹೀಗಾಗಿ ಅದೇ ಗಾತ್ರದ ಅಳತೆಯಲ್ಲಿ ಹೆಚ್ಚು ತೂಕ ಹಿಡಿಯುತ್ತದೆ. ಯಂತ್ರವನ್ನು ಹೊಸದಾಗಿ ಹೊಂದಿಸದೆ ಮದ್ದನ್ನಷ್ಟೇ ಬದಲಿಸಿದವರಿಗೆ ಇದು ಕಾಣದ ಹೊಂಡ. ಗೋಲಿ ಮದ್ದು ಹೊತ್ತಿಕೊಳ್ಳುವುದು ಸಾಮಾನ್ಯವಾಗಿ ಕಷ್ಟ, ಆದ್ದರಿಂದ ಕೇಪನ್ನೂ ಬದಲಿಸಬೇಕಾಗಬಹುದು. ಕೇಪು ಬದಲಾದರೆ ಒತ್ತಡವೂ ಬದಲಾಗುತ್ತದೆ. ಇನ್ನು ಚಳಿಗಾಲದಲ್ಲಿ ಸರಿಯಾಗಿದ್ದ ತೋಟಾ ಬೇಸಿಗೆಯ ಬಿಸಿಲಲ್ಲಿ ಮಿತಿ ಮೀರುವುದೂ ಉಂಟು. ಎಚ್4350ರ ಖ್ಯಾತಿಗೆ ಅದು ಉಷ್ಣಾಂಶಕ್ಕೆ ಹೆಚ್ಚು ಬಗ್ಗದಿರುವುದೇ ಮುಖ್ಯ ಕಾರಣ. ಎಲ್ಲ ಬದಲಿಗಳಿಗೂ ಆ ಗುಣವಿಲ್ಲ.

ಅನುಮಾನವಿದ್ದಾಗ ಕಡಿಮೆ ತುಂಬಿದರಾಯಿತೆಂಬ ವಾದವೂ ಕೇಳಿಬರುತ್ತದೆ. ಅದೂ ಅರ್ಧಸತ್ಯವೇ. ದೊಡ್ಡ ಕೋಶದಲ್ಲಿ ನಿಧಾನದ ಮದ್ದನ್ನು ತೀರಾ ಕಡಿಮೆ ತುಂಬಿದಾಗಲೂ ಒತ್ತಡ ದಿಢೀರನೆ ಏರಬಹುದೆಂದು ಕೈಪಿಡಿಗಳು ಎಚ್ಚರಿಸುತ್ತವೆ. ಬದಲಿ ಮದ್ದಿಗೆ, ಅದೇ ತೋಟಾಕ್ಕೆ, ಅದೇ ತೂಕದ ಗುಂಡಿಗೆ ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಕೋಷ್ಟಕವಿದ್ದರೆ ಅದರ ಆರಂಭಿಕ ಪ್ರಮಾಣದಿಂದ ಹೊರಟು ಹಂತಹಂತವಾಗಿ ಏರುವುದೇ ಕ್ರಮ. ಕೋಷ್ಟಕವೇ ಇಲ್ಲದಿದ್ದರೆ ಆ ಮದ್ದು ಬದಲಿಯೇ ಅಲ್ಲ. ಕ್ವಿಕ್‌ಲೋಡ್‌ನಂತಹ ತಂತ್ರಾಂಶಗಳು ಕೊಡುವುದು ಅಂದಾಜನ್ನೇ ಹೊರತು ಅಳತೆಯನ್ನಲ್ಲ. ಕಾರ್ಖಾನೆಯ ತೋಟಾಗಳನ್ನು ಬಿಚ್ಚಿ ಮದ್ದು ಸಂಗ್ರಹಿಸುವುದಂತೂ ಹುಚ್ಚು ಸಾಹಸ. ಡಬ್ಬಿಯಲ್ಲಿ ಮಾರುವ ಮದ್ದನ್ನು ಒಂದು ಕಂತಿನಿಂದ ಇನ್ನೊಂದಕ್ಕೆ ಹೆಚ್ಚು ವ್ಯತ್ಯಾಸವಾಗದಂತೆ ಮಿಶ್ರಣ ಮಾಡಿರುತ್ತಾರೆ. ಕಾರ್ಖಾನೆಗಳಿಗೆ ಸಗಟಾಗಿ ಹೋಗುವ ಮದ್ದಿಗೆ ಆ ಭರವಸೆ ಇರುವುದಿಲ್ಲ.

ಈ ನಡುವೆ ಉದ್ಯಮದ ಒಡೆತನವೇ ಕೈಬದಲಾಗಿದೆ. ಅಲಯಂಟ್ ಸೇರಿದಂತೆ ವಿಸ್ಟಾದ ತೋಟಾ ವಿಭಾಗವನ್ನು ಝೆಕ್ ದೇಶದ ರಕ್ಷಣಾ ಸಮೂಹ ಸಿಎಸ್‌ಜಿ 2024ರ ನವೆಂಬರ್‌ನಲ್ಲಿ ತನ್ನದಾಗಿಸಿಕೊಂಡಿತು. ಮರುವರ್ಷ ಅದೇ ಸಮೂಹ ಜರ್ಮನಿಯ ವಾಲ್ಸ್‌ರೋಡೆಯಲ್ಲಿರುವ ನೈಟ್ರೋಸೆಲ್ಯುಲೋಸ್ ಘಟಕವನ್ನೂ ಕೊಂಡಿತು. ಜರ್ಮನಿಯ ರೈನ್‌ಮೆಟಾಲ್ ಸಹ 2025ರಲ್ಲಿ ಹಾಗೆಡಾರ್ನ್-ಎನ್‌ಸಿ ಎಂಬ ನೈಟ್ರೋಸೆಲ್ಯುಲೋಸ್ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅಲ್ಲಿಯವರೆಗೆ ಬಣ್ಣ, ಶಾಯಿಗಳಿಗೆ ಒದಗುತ್ತಿದ್ದ ಉತ್ಪಾದನೆಯನ್ನೂ ಸೇನಾ ಬಳಕೆಗೆ ತಿರುಗಿಸುವ ಉದ್ದೇಶ ಈ ಖರೀದಿಗಳ ಹಿಂದಿದೆ.