ನಿಂತವರಿಗೊಂದು ಸ್ಟೂಲು

ಕಳೆದ ವರ್ಷ ಅಕ್ಕನ ಮಗಳ ಮದುವೆಗೆ ಸೀರೆ ತೆಗೆಯಲೆಂದು ನಾವು ನಾಲ್ಕು ಜನ ಹೆಂಗಸರು ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿದ್ದೆವು. ರೈಲಿಳಿಯುವಾಗಲೇ ಹೊಟ್ಟೆ ಚುರುಗುಟ್ಟುತ್ತಿತ್ತು. ಕಂಡ ಮೊದಲ ದರ್ಶಿನಿಗೆ ನುಗ್ಗಿದೆವು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ದರ್ಶಿನಿಗಳ ಪದ್ಧತಿ ನಿಮಗೂ ಗೊತ್ತು. ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು, ತಟ್ಟೆಯನ್ನು ನಾವೇ ಹಿಡಿದು ತರಬೇಕು, ಎದೆಮಟ್ಟದ ಮೇಜಿನ ಮುಂದೆ ನಿಂತು ತಿಂದು ಜಾಗ ಖಾಲಿ ಮಾಡಬೇಕು. ನಮ್ಮೂರಿನ ಬೆಣ್ಣೆದೋಸೆ ಹೋಟೆಲಿನ ಬೆಂಚಿನ ಮೇಲೆ ಕೂತು ಊರ ಸುದ್ದಿಯೆಲ್ಲ ಮಾತಾಡಿಕೊಂಡು ತಿಂದು ಅಭ್ಯಾಸವಾದ ನಮ್ಮ ಅತ್ತಿಗೆ, ಎರಡು ಇಡ್ಲಿ ಮುಗಿಸುವಷ್ಟರಲ್ಲಿ ಮೂರು ಸಲ ಗೊಣಗಿದರು. "ದನ ಮೇಯ್ದಂಗೆ ನಿಂತ್ಕೊಂಡು ತಿನ್ನೋದೇನೇ? ನನ್ನ ಮಂಡಿ ಬಿದ್ದೇ ಹೋಯ್ತು." ನಾನೂ ಹೂಂಗುಟ್ಟಿದೆ. ನಾವು ಅಲ್ಲಿ ನಿಂತಿದ್ದದ್ದು ಹೆಚ್ಚೆಂದರೆ ಹತ್ತು ನಿಮಿಷ.

ಅಲ್ಲಿಂದ ಹೋದದ್ದು ಒಂದು ದೊಡ್ಡ ಸೀರೆ ಅಂಗಡಿಗೆ. ನಾಲ್ಕು ಮಹಡಿ, ಲಿಫ್ಟು, ಎ.ಸಿ., ಮುಖ ಕಾಣುವ ಹಾಗೆ ಹೊಳೆಯುವ ನೆಲ. ಒಳಗೆ ಕಾಲಿಟ್ಟ ಕೂಡಲೇ ಮೆತ್ತನೆಯ ಸ್ಟೂಲುಗಳನ್ನು ಎಳೆದು ನಮ್ಮನ್ನು ಕೂರಿಸಿದರು, ಕಾಫಿ ತರಿಸಿಕೊಟ್ಟರು. ಕೌಂಟರಿನ ಆಚೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ನಿಂತಿದ್ದಳು. "ಯಾವ ತರದ್ದು ಬೇಕು ಮೇಡಂ? ಎಷ್ಟರೊಳಗೆ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಹೇಳುವಷ್ಟು ಸೌಜನ್ಯವನ್ನೂ ನಾವು ತೋರಲಿಲ್ಲ. "ತೋರಿಸಮ್ಮ, ನೋಡೋಣ" ಎಂದೆವು.

ಈ 'ನೋಡೋಣ' ಎಂಬ ಮಾತಿನ ಅರ್ಥ ನನಗೆ ಆವತ್ತು ಗೊತ್ತಾಯಿತು. ಅವಳು ಮೇಲಿನ ಅರೆಗೆ ಕೈಚಾಚಿ ಇಳಿಸಿದಳು, ಕೆಳಗಿನ ಅರೆಗೆ ಬಗ್ಗಿ ಎತ್ತಿದಳು, ಮಡಿಕೆ ಬಿಚ್ಚಿ ಸೆರಗು ಹರಡಿದಳು, ತನ್ನ ಹೆಗಲ ಮೇಲೇ ಹಾಕಿಕೊಂಡು ತೋರಿಸಿದಳು. ಒಂದರ ಅಂಚು ನಮಗೆ ದೊಡ್ಡದಾಯಿತು, ಇನ್ನೊಂದರ ಜರಿ ಕಣ್ಣಿಗೆ ಹೊಡೆಯಿತು, ಮತ್ತೊಂದರ ಬಣ್ಣ ಅತ್ತಿಗೆಯ ಹಳೇ ಸೀರೆಯ ಹಾಗೇ ಇತ್ತು. ಒಂದೂವರೆ ಗಂಟೆಯಲ್ಲಿ ನಲವತ್ತು ಸೀರೆಯಾದರೂ ಗುಡ್ಡೆ ಬಿದ್ದಿರಬೇಕು. ಕೌಂಟರಿನ ಸಂದಿಯಿಂದ ಅವಳ ಕಾಲು ನನಗೆ ಕಾಣುತ್ತಿತ್ತು. ಒಂದು ಪಾದವನ್ನು ಚಪ್ಪಲಿಯಿಂದ ತೆಗೆದು ಇನ್ನೊಂದು ಕಾಲಿನ ಮೀನಖಂಡಕ್ಕೆ ಉಜ್ಜಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಾಲು ಬದಲಿಸುತ್ತಿದ್ದಳು. ಎಷ್ಟು ಹೊತ್ತಿಗೆ ಬರುತ್ತೀಯಮ್ಮ ಎಂದು ಕೇಳಿದೆ. "ಬೆಳಿಗ್ಗೆ ಹತ್ತಕ್ಕೆ ಬಂದ್ರೆ ರಾತ್ರಿ ಒಂಬತ್ತು ಮೇಡಂ. ಊಟಕ್ಕೆ ಅರ್ಧ ಗಂಟೆ."

ನನ್ನ ಪಕ್ಕದ ಸ್ಟೂಲು ಖಾಲಿ ಇತ್ತು. ಅದನ್ನು ಎತ್ತಿ ಕೌಂಟರಿನ ಆಚೆ ಇಟ್ಟು, "ಒಂದು ನಿಮಿಷ ಕೂತ್ಕೊಳ್ಳಮ್ಮ, ನಾವು ಆರಿಸ್ತಿರ್ತೀವಿ" ಎಂದೆ. ಅವಳು ಮೊದಲು ನೋಡಿದ್ದು ಸೂರಿನ ಮೂಲೆಯ ಕ್ಯಾಮೆರಾ ಕಡೆಗೆ. "ಬೇಡ ಮೇಡಂ, ಕೂತ್ರೆ ಬೈತಾರೆ." ನಾನು ಮೇಷ್ಟ್ರಮ್ಮ, ಬಿಡುತ್ತೇನೆಯೇ? ಗದರಿಸಿ ಕೂರಿಸಿದೆ. ಎರಡು ನಿಮಿಷವೂ ಆಗಿರಲಿಲ್ಲ, ಟೈ ಕಟ್ಟಿದ ಮೇಲ್ವಿಚಾರಕ ಬಂದ. ನಮ್ಮ ಕಡೆ ನಕ್ಕ, ಅವಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಅವಳು ಎದ್ದು ಹೋದಳು, ಅವಳ ಜಾಗಕ್ಕೆ ಒಬ್ಬ ಹುಡುಗ ಬಂದ. ಹೋಗುವಾಗ ಅವಳು ನನ್ನ ಮುಖ ನೋಡಲಿಲ್ಲ. ನಾವೂ ಕೊನೆಗೆ ಒಂದೂ ಸೀರೆ ಕೊಳ್ಳದೆ ಎದ್ದು ಬಂದೆವು. ನನ್ನ ಕರುಣೆಗೆ ದಂಡ ಕಟ್ಟಿದವಳು ಆ ಹುಡುಗಿ.

ವಾಪಸು ಬರುವಾಗ ರೈಲಿನಲ್ಲಿ ನನಗೆ ನೆನಪಾದದ್ದು ನನ್ನದೇ ತರಗತಿ. ಇಪ್ಪತ್ತೆಂಟು ವರ್ಷದ ಮೇಷ್ಟ್ರಿಕೆಯಲ್ಲಿ, ಮೊದಲಿನ ಹತ್ತು ಹದಿನೈದು ವರ್ಷ ನಾನು ಅತಿ ಹೆಚ್ಚು ಬಳಸಿದ ಶಿಕ್ಷೆ ಯಾವುದು? "ಎದ್ದು ನಿಂತ್ಕೋ!" ಹೋಂವರ್ಕ್ ಮಾಡದವನು ಒಂದು ಪೀರಿಯಡ್ಡು ನಿಲ್ಲುತ್ತಿದ್ದ. ಕಾಪಿ ಹೊಡೆದವನು ಬೆಂಚಿನ ಮೇಲೆ ನಿಲ್ಲುತ್ತಿದ್ದ. ಅದು ಶಿಕ್ಷೆ ಎಂಬುದರಲ್ಲಿ ನನಗಾಗಲೀ ಮಗುವಿಗಾಗಲೀ ಅನುಮಾನವಿರಲಿಲ್ಲ. ದೈಹಿಕ ಶಿಕ್ಷೆ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ತನ್ನ 17ನೇ ಸೆಕ್ಷನ್ನಿನಲ್ಲಿ ಹೇಳಿತು, ನಾವೂ ಬಿಟ್ಟೆವು. ತಪ್ಪು ಮಾಡಿದ ಮಗುವನ್ನು ನಲವತ್ತು ನಿಮಿಷ ನಿಲ್ಲಿಸುವುದೂ ಸಲ್ಲದು ಎಂದಾದ ಮೇಲೆ, ಯಾವ ತಪ್ಪೂ ಮಾಡದ ಹುಡುಗಿಯನ್ನು ಹತ್ತು ಗಂಟೆ ನಿಲ್ಲಿಸುವುದು ಹೇಗೆ ಸಲ್ಲುತ್ತದೆ?

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬ ಸಹೋದ್ಯೋಗಿ, "ನಾವೇನು ಕೂತು ಪಾಠ ಮಾಡ್ತೀವಾ ಮೇಡಂ?" ಎಂದರು. ನಿಜ, ನನ್ನ ಕಾಲಿನಲ್ಲೂ ನೀಲಿ ನರಗಳು ಗಂಟುಕಟ್ಟಿವೆ, ಡಾಕ್ಟರು ಬಿಗಿಯಾದ ಕಾಲುಚೀಲ ಬರೆದುಕೊಟ್ಟಿದ್ದಾರೆ. ಆದರೆ ನನಗೆ ಗಂಟೆ ಹೊಡೆಯುತ್ತದೆ. ಮಕ್ಕಳು ಬರೆಯುವಾಗ ಕೂರಲು ಕುರ್ಚಿ ಇದೆ. ಕೂತರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ನಿಲ್ಲುವುದು ಬೇರೆ, ಕೂರುವ ಹಾಗಿಲ್ಲ ಎಂಬುದು ಬೇರೆ.

ಕೂತರೆ ಗಿರಾಕಿಗೆ ಅಗೌರವ ಎನ್ನುವವರಿದ್ದಾರೆ. ಇದು ಎಲ್ಲಿಂದ ಬಂದ ಗೌರವವೋ! ನಾನು ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದ ಜವಳಿ ಅಂಗಡಿಯಲ್ಲಿ ನೆಲದ ತುಂಬ ಬಿಳಿಯ ಗಾದಿ. ಸಾಹುಕಾರರು ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದರು, ಗುಮಾಸ್ತರೂ ಕೂತಿರುತ್ತಿದ್ದರು, ಚಪ್ಪಲಿ ಬಿಟ್ಟು ಹೋಗಿ ನಾವೂ ಅದೇ ಗಾದಿಯ ಮೇಲೆ ಕೂರುತ್ತಿದ್ದೆವು. ಕೂತಲ್ಲಿಂದಲೇ ಸೀರೆಯನ್ನು ಬೀಸಿ ಹರಡುತ್ತಿದ್ದರು. ಆಗ ಅಪ್ಪನ ಗೌರವಕ್ಕೇನೂ ಕುಂದು ಬರಲಿಲ್ಲ. ಚಿಕ್ಕಪೇಟೆಯ ಹಳೆಯ ಅಂಗಡಿಗಳಲ್ಲಿ ಈಗಲೂ ಅಂಥ ಗಾದಿ ಉಂಟು. ಗಾದಿ ಹೋಗಿ ಕೌಂಟರು ಬಂದಾಗ ನಮಗೆ ಸ್ಟೂಲು ಸಿಕ್ಕಿತು, ಆಚೆಯವರಿಗೆ ಸಿಗಲಿಲ್ಲ.

ಕೂತರೆ ಸೋಮಾರಿಗಳಾಗುತ್ತಾರೆ ಎಂಬುದು ಇನ್ನೊಂದು ವಾದ. ಬ್ಯಾಂಕಿನ ಕ್ಯಾಷಿಯರು ಕೂತೇ ನೋಟು ಎಣಿಸುತ್ತಾರೆ, ಬಸ್ಸಿನ ಚಾಲಕರು ಕೂತೇ ಬಸ್ಸು ಓಡಿಸುತ್ತಾರೆ. ಅಂಗಡಿಯ ಮಾಲೀಕರೂ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಇರುತ್ತಾರಲ್ಲ, ಅವರು ಸೋಮಾರಿಗಳೇ?

ಕಾನೂನು ಇಲ್ಲವೆಂದಲ್ಲ. ನಮ್ಮ ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ನಿಂತು ಕೆಲಸ ಮಾಡಲೇಬೇಕಾದ ಕಾರ್ಮಿಕರಿಗೆ, ಬಿಡುವು ಸಿಕ್ಕಾಗ ಕೂರಲು ಆಸನ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 44ನೇ ಸೆಕ್ಷನ್ನೇ ಹೇಳಿತ್ತು. ಗಿರಣಿಯವರಿಗೆ ಆಗ ಒಪ್ಪಿದ್ದನ್ನು ಅಂಗಡಿಯವರಿಗೆ ಕೊಡಲು ಎಷ್ಟು ವರ್ಷ ಬೇಕಾಯಿತು ನೋಡಿ. ಕೋಳಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ಪಿ. ವಿಜಿ ಎಂಬ ಟೈಲರ್ ಹೆಂಗಸು ಅಂಗಡಿಗಳ ಕೆಲಸಗಾರ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕೇರಳ ತನ್ನ ಅಂಗಡಿಗಳ ಕಾಯಿದೆಯನ್ನು ತಿದ್ದಿತು. 2021ರಲ್ಲಿ ತಮಿಳುನಾಡು ತಿದ್ದಿತು. ಕೇಂದ್ರ ಸರ್ಕಾರದ 2020ರ ಸುರಕ್ಷತಾ ಸಂಹಿತೆಯಲ್ಲೂ ನಿಂತು ದುಡಿಯುವವರಿಗೆ ಆಸನದ ಮಾತಿದೆ. ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸಬಾರದು, ನಡುವೆ ಒಂದು ಗಂಟೆ ಬಿಡುವು ಕೊಡಬೇಕು ಎಂದು ನಮ್ಮ ಕರ್ನಾಟಕದ 1961ರ ಕಾಯಿದೆ ಹೇಳಿತು. ಆ ಹುಡುಗಿಯ ಅರ್ಧ ಗಂಟೆಯ ಊಟ ಯಾವ ಕಾಯಿದೆಯದು? ಪುಸ್ತಕದಲ್ಲಿ ಸ್ಟೂಲೂ ಇದೆ, ಬಿಡುವೂ ಇದೆ. ಅಂಗಡಿಯಲ್ಲಿ ಮಾತ್ರ ಇಲ್ಲ.

ಆದರೆ ಮಾಲೀಕರನ್ನೂ ಸರ್ಕಾರವನ್ನೂ ಬೈದು ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಹೊತ್ತು ಹೋಗದಿದ್ದರೆ ಸೀರೆ ಅಂಗಡಿಗೆ ಹೋಗುವವರು ಯಾರು? ಎಂಟೂ ಮುಕ್ಕಾಲಿಗೆ ಒಳಗೆ ನುಗ್ಗಿ "ಐದೇ ನಿಮಿಷ" ಎನ್ನುವವರು ಯಾರು? ಬಜೆಟ್ಟು ಹೇಳಿದರೆ ಮರ್ಯಾದೆ ಹೋಗುತ್ತದೆಂದು ಐದು ಸಾವಿರದ ಸೀರೆಗೆ ಇಪ್ಪತ್ತು ಸಾವಿರದ್ದನ್ನೂ ಬಿಚ್ಚಿಸುವವರು ಯಾರು? ನಾನೇ, ನಮ್ಮ ಅತ್ತಿಗೆಯೇ, ನೀವೇ. ನಾವು ಎದ್ದು ಬಂದ ಮೇಲೆ ಆ ನಲವತ್ತು ಸೀರೆಯನ್ನು ಮಡಿಸಿದವರೂ ನಿಂತುಕೊಂಡೇ ಮಡಿಸಿರಬೇಕು. ಈಗ ನಾನು ಅಂಗಡಿಗೆ ಹೋಗುವ ಮೊದಲೇ ಬಣ್ಣ, ಬೆಲೆ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ಹತ್ತು ಸೀರೆಯೊಳಗೆ ಆರಿಸುತ್ತೇನೆ, ಇಲ್ಲವೇ "ಇವತ್ತು ಬೇಡಮ್ಮ" ಎಂದು ಎದ್ದು ಬರುತ್ತೇನೆ.

ಹೋದ ತಿಂಗಳು ನಮ್ಮೂರಿನ ಜವಳಿ ಅಂಗಡಿಯೊಂದರ ಮಾಲೀಕರ ಹತ್ತಿರ ಈ ಸ್ಟೂಲಿನ ವಿಷಯ ತೆಗೆದೆ. ಅವರು ಕೈಮುಗಿದು, "ನಂದೇನೂ ಅಭ್ಯಂತರ ಇಲ್ಲ ಟೀಚರ್. ಹುಡುಗಿ ಕೂತಿದ್ರೆ ಗಿರಾಕಿಗಳೇ ಬಂದು ಕಂಪ್ಲೇಂಟ್ ಮಾಡ್ತಾರೆ" ಎಂದರು. ಇರಬಹುದು, ಸುಳ್ಳೆನ್ನಲಾರೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಸಲಹಾ ಪುಸ್ತಕ ಎಳೆದುಕೊಂಡು, ಈ ಅಂಗಡಿಯ ಹುಡುಗಿಯರು ಕೂತಿದ್ದರೆ ನನಗೆ ಸಂತೋಷ, ಕೂರಲು ಜಾಗ ಕೊಡದಿದ್ದರೆ ನನ್ನ ಕಂಪ್ಲೇಂಟು ಎಂದು ಬರೆದು, ಹೆಸರು, ವಿಳಾಸ ಸಮೇತ ಸಹಿ ಹಾಕಿ ಬಂದೆ. ಆ ಪುಟದಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ನೀವು ಹೋದಾಗ ಅದರ ಕೆಳಗೆ ಎರಡು ಸಾಲು ಬರೆಯಿರಿ.