ಯಾವ ಸಾಲಿನಲ್ಲಿ ನಿಲ್ಲಬೇಕು?



ನಮ್ಮಕ್ಕನ ಮಗಳು (ಹುಟ್ಟಿದಾಗ ಗಂಡುಮಗು ಎಂದೇ ಹೆಸರಿಟ್ಟಿದ್ದೆವು) ಹಾರ್ಮೋನ್ ಚಿಕಿತ್ಸೆಗೆಂದು ಆಸ್ಪತ್ರೆಗೆ ಹೋದರೆ, ಚೀಟಿ ಬರೆಯುವವರು ಕೇಳಿದ್ದು ‘ನೀನು ಗಂಡಸರ ಸಾಲೋ, ಹೆಂಗಸರ ಸಾಲೋ?’ ವೈದ್ಯರು ‘ಬೆಂಗಳೂರಿಗೆ ಹೋಗಿ’ ಎಂದು ಕೈತೊಳೆದುಕೊಂಡರು. ಕೂಲಿ ಬಿಟ್ಟು ಎಷ್ಟು ಸಲ ಬಸ್ ಹತ್ತಿಯಾಳು? ಗೆಳತಿಯರ ಮಾತು ಕೇಳಿ ಮೆಡಿಕಲ್ ಶಾಪಿನಿಂದ ಈಸ್ಟ್ರೋಜನ್ ಮಾತ್ರೆ ತಂದು ನುಂಗತೊಡಗಿದಳು. ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯವುಂಟು, ಆಗಾಗ ರಕ್ತಪರೀಕ್ಷೆ ಬೇಕು ಎಂದು ಹೇಳುವವರೇ ಇರಲಿಲ್ಲ.

ಹಾರ್ಮೋನ್ ಚಿಕಿತ್ಸೆ, ಶಸ್ತ್ರಚಿಕಿತ್ಸೆಗಳನ್ನು ಒದಗಿಸುವ ಹೊಣೆಯನ್ನು 2019ರ ಲಿಂಗತ್ವ ಅಲ್ಪಸಂಖ್ಯಾತರ (ಹಕ್ಕುಗಳ ರಕ್ಷಣೆ) ಕಾಯ್ದೆಯ 15ನೇ ಸೆಕ್ಷನ್ ಸರ್ಕಾರದ ಮೇಲೇ ಹೊರಿಸಿತ್ತು. ನಮ್ಮೂರಿಗೆ ಅದು ತಲುಪಿದಂತಿಲ್ಲ. ಆರೋಗ್ಯ ಇಲಾಖೆ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನವಾದರೂ ಹಾರ್ಮೋನ್ ತಜ್ಞರನ್ನು ಕೂರಿಸಲಿ. ಚೀಟಿ ಬರೆಯುವವರಿಗೆ ಹೆಸರು ಹಿಡಿದು ಕರೆಯುವುದನ್ನೂ ಕಲಿಸಲಿ.

– ಓದುಗ, ಹೊಸಪೇಟೆ