ಲೇಪಾಕ್ಷಿಯ ಆಚೆಗೂ ಹೋಗೋಣ

ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು 15 ಕಿಲೋಮೀಟರು. ಹೋದವರೆಲ್ಲ ತೂಗುವ ಕಂಬದಡಿ ಬಟ್ಟೆ ತೂರಿಸಿ, 27 ಅಡಿ ಉದ್ದದ ಏಕಶಿಲಾ ಬಸವಣ್ಣನಿಗೆ ಕೈಮುಗಿದು ಹಿಂದಿರುಗುತ್ತಾರೆ. ಸಂತೋಷವೇ. ಆದರೆ ಅಚ್ಯುತರಾಯನ ಕಾಲದ ಆ ಗುಡಿಯ ಮೇಲ್ಛಾವಣಿಯಲ್ಲಿ ಬಣ್ಣದ ಚಿತ್ರಗಳು ಮಾಸುತ್ತಿರುವುದನ್ನು ತಲೆಯೆತ್ತಿ ನೋಡುವವರೆಷ್ಟು ಮಂದಿ? ಅಲ್ಲಿನ ಶಾಸನಗಳು ಕನ್ನಡದಲ್ಲಿವೆಯೆಂದು ಬಲ್ಲವರೆಷ್ಟು ಮಂದಿ?

2022ರಲ್ಲಿ ಲೇಪಾಕ್ಷಿಯು ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿತು. ಇನ್ನು ಮೇಲೆ ಜನ ಹೆಚ್ಚು ಬಂದಾರು. ಬಂದವರು ಅದೇ ಬಸ್ಸಿನಲ್ಲಿ ಮರಳಿದರೆ ಈ ಸೀಮೆಗೆ ಉಳಿಯುವುದೇನು? ಮಡಕಶಿರದ ಆಚೆ, ಅಮರಾಪುರದ ಬಳಿ ಹೇಮಾವತಿಯಿದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಅದೇ. ಅಲ್ಲಿನ ಗುಡಿಗಳು ಲೇಪಾಕ್ಷಿಗಿಂತ ಐದಾರು ನೂರು ವರ್ಷ ಹಿರಿಯವು. ಅಲ್ಲಿಯ ಸೊಗಸಾದ ಶಿಲ್ಪಗಳಲ್ಲಿ ಹಲವು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿವೆ. ಉಳಿದವನ್ನಾದರೂ ಊರಲ್ಲೇ ಕಾಪಾಡಬೇಕಲ್ಲವೇ?

ಜೀರ್ಣೋದ್ಧಾರವೆಂದರೆ ಸುಣ್ಣ ಬಳಿದು ಸಿಮೆಂಟು ಮೆತ್ತುವುದಲ್ಲ. ಕಲ್ಲಿನ ಕೆಲಸವನ್ನು ಪುರಾತತ್ವ ಇಲಾಖೆಯ ತಜ್ಞರೇ ಮಾಡಲಿ. ದಾರಿ, ನೆರಳು, ಕುಡಿಯುವ ನೀರು, ಒಂದು ಊಟದ ಮನೆ, ಇವನ್ನು ಊರವರು ನೋಡಿಕೊಳ್ಳಬಹುದು, ಲಾಭವೂ ಅವರದಾಗಲಿ.

ಬಂದವರಿಗೆ ಶಾಸನ ಓದಿ ಹೇಳುವವರು ಯಾರು? ಕನ್ನಡ ಕಲಿತು ಏನು ಪ್ರಯೋಜನ ಎನ್ನುವ ತಂದೆತಾಯಿಗಳು ಇದನ್ನು ಯೋಚಿಸಬೇಕು. ವಿಜಯನಗರ ಕಾಲದ ಲಿಪಿ ನಮ್ಮ ಮಕ್ಕಳಿಗೆ ಸ್ವಲ್ಪ ಅಭ್ಯಾಸದಿಂದ ಒಲಿಯುತ್ತದೆ. ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯ ಶಾಲೆಗಳು ಈ ವರ್ಷದ ಪ್ರವಾಸವನ್ನು ಹೇಮಾವತಿಗೇ ಇಟ್ಟುಕೊಳ್ಳಲಿ ಎಂಬುದು ನಮ್ಮ ಸಲಹೆ. ಮೈಸೂರನ್ನು ಬರುವ ವರ್ಷ ನೋಡೋಣ.